ಕಡಲು ತಣ್ಣಗಿರುವಾಗಲೇ ಬನ್ನಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಇದು ನವೆಂಬರ್ ಕೊನೆಯ ವಾರ. ಕಡಲು ತಣ್ಣಗಿದೆ. ಟಿವಿಯವರಿಲ್ಲ, ಕೊಡೆ ಹಿಡಿದ ಅಧಿಕಾರಿಗಳಿಲ್ಲ, ಕಲ್ಲಿನ ಲಾರಿಗಳಿಲ್ಲ. ಅದಕ್ಕೇ ಕಡಲ್ಕೊರೆತದ ಬಗ್ಗೆ ಈಗ ಬರೆಯುತ್ತಿದ್ದೇನೆ. ಜೂನ್‌ನಲ್ಲಿ ಬರೆದರೆ ನೀವು ಮರುದಿನವೇ ಓಡಿ ಬರುತ್ತೀರಿ, ಗೊತ್ತು. ಆಗ ಬರುವುದು ಬೇಡ. ಈಗ ಬನ್ನಿ.

ನಾನು ಉಡುಪಿ ಜಿಲ್ಲೆಯ ಕಡಲ ಬದಿಯವಳು. ಮದುವೆಯಾಗಿ ಈ ಮನೆಗೆ ಬಂದು 34 ವರ್ಷ ಆಯಿತು. ಆಗ ಅಂಗಳ ದಾಟಿ, ತೆಂಗಿನ ಸಾಲು ದಾಟಿ, ಗಾಳಿಮರಗಳನ್ನು ದಾಟಿ, ಆಮೇಲೂ ಮರಳಿನಲ್ಲಿ ನಡೆಯಬೇಕಿತ್ತು. ಮಧ್ಯಾಹ್ನ ಬರಿಗಾಲಲ್ಲಿ ಹೋದರೆ ನೀರು ಸಿಗುವಷ್ಟರಲ್ಲಿ ಪಾದ ಸುಟ್ಟು ಹೋಗುತ್ತಿತ್ತು. ಈಗ ಅಂಗಳದ ತುದಿಯಲ್ಲಿ ನಿಂತು ಪಾತ್ರೆ ತೊಳೆದ ನೀರು ಚೆಲ್ಲಿದರೆ ಸೀದಾ ಕಡಲಿಗೆ ಬೀಳುತ್ತದೆ. ಪಹಣಿಯಲ್ಲಿ ನಮ್ಮ ಜಾಗ ಈಗಲೂ 28 ಸೆಂಟ್ಸ್. ಅದರಲ್ಲಿ 11 ಸೆಂಟ್ಸ್‌ನಲ್ಲಿ ಬೂತಾಯಿ ಮೀನು ಈಜುತ್ತಿದೆ. ತೀರ್ವೆ ಮಾತ್ರ 28ಕ್ಕೂ ಕಟ್ಟುತ್ತೇವೆ.

ಆಟಿ ತಿಂಗಳ ಮಳೆಯಲ್ಲಿ ಕಡಲು ಕೊಂಡುಹೋದ ಮರಳನ್ನು ನವರಾತ್ರಿ ಕಳೆದ ಮೇಲೆ ತಂದು ಹಾಕುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಹಾಗೇ ಆಗುತ್ತಿತ್ತು ಕೂಡ. ಮಳೆಗಾಲದ ದೊಡ್ಡ ಅಲೆ ಮರಳನ್ನು ಎಳೆದು ಸ್ವಲ್ಪ ಆಚೆ, ನೀರಿನಡಿ ದಿಬ್ಬ ಮಾಡಿ ಇಡುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ಮೆಲ್ಲ ಮೆಲ್ಲ ದಡಕ್ಕೆ ತಳ್ಳುತ್ತವೆ. ಕೈಸಾಲ ಇದ್ದ ಹಾಗೆ. ಈಗ ಸಾಲ ಪೂರ್ತಿ ವಾಪಸ್ ಬರುವುದಿಲ್ಲ. ಹೊಳೆಯಲ್ಲಿ ಮರಳು ತೆಗೆದು ಮಾರುತ್ತಾರೆ. ಅಳಿವೆ ಬಾಗಿಲಿನಲ್ಲಿ ಬ್ರೇಕ್‌ವಾಟರ್ ಎಂದು ಅಲೆ ತಡೆಯುವ ಕಲ್ಲಿನ ದಂಡೆ ಕಟ್ಟಿ, ದಡದ ಉದ್ದಕ್ಕೆ ಸಾಗುವ ಮರಳನ್ನು ತಡೆದು ನಿಲ್ಲಿಸುತ್ತಾರೆ. ಇದೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮೇಜಿನ ಮೇಲೆ ವರದಿಗಳಿರುತ್ತವೆ, ಕಡಲ ಬದಿಯಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎನ್ನುವ ಸಿಆರ್‌ಝಡ್ ನಿಯಮ ಇರುತ್ತದೆ.

ನಾನು ಹೇಳಬೇಕಾದದ್ದು ಮೂರು ವರ್ಷದ ಹಿಂದಿನ ಜುಲೈ ತಿಂಗಳ ಒಂದು ರಾತ್ರಿಯದ್ದು.

ಎರಡು ಗಂಟೆ ಇರಬಹುದು. ಹಂಡೆ ಉರುಳಿದ ಹಾಗೆ ಸದ್ದು. ಬೆಕ್ಕು ಎಂದುಕೊಂಡೆ. ಎದ್ದು ಹೋಗಿ ಅಡುಗೆಮನೆಯ ಲೈಟ್ ಹಾಕಲು ಕೈ ಚಾಚಿದರೆ ಸ್ವಿಚ್ ಇರಲಿಲ್ಲ, ಗೋಡೆಯೇ ಇರಲಿಲ್ಲ. ಗೋಡೆ ಇದ್ದ ಜಾಗದಲ್ಲಿ ಬಿಳಿ ನೊರೆ. ಗ್ರೈಂಡರ್, ಅಕ್ಕಿ ಡಬ್ಬ, ಉಪ್ಪಿನಕಾಯಿಯ ಎರಡು ಭರಣಿ ಎಲ್ಲ ಹೋಯಿತು. ಗ್ಯಾಸ್ ಸಿಲಿಂಡರ್ ಬೆಳಿಗ್ಗೆ ಅರ್ಧ ಮೈಲಿ ಆಚೆ ಸಿಕ್ಕಿತು. ಯಾರೋ ಪುಣ್ಯಾತ್ಮರು ಹೊತ್ತು ತಂದುಕೊಟ್ಟರು.

ಹತ್ತು ಗಂಟೆಗೆ ನೀವು ಬಂದಿರಿ. ಹತ್ತು ನಿಮಿಷ ಇದ್ದಿರಿ. ಮಧ್ಯಾಹ್ನ ಲಾರಿಗಳು ಬಂದವು. ನಾನು ಜಗುಲಿಯಲ್ಲಿ ಕೂತು ಎಣಿಸಿದೆ, ಬೇರೆ ಕೆಲಸ ಎಂತ ಇತ್ತು? 31 ಲೋಡ್. ಒಂದು ಲಾರಿ ರಿವರ್ಸ್ ಬರುವಾಗ ನಮ್ಮ ಬಾವಿಕಟ್ಟೆ ಒಡೆಯಿತು. ಕಡಲು ಮುಟ್ಟದ ಒಂದೇ ಒಂದು ವಸ್ತು ಅದು, ಅದನ್ನು ಸರಕಾರಿ ಕೆಲಸವೇ ಒಡೆದು ಹಾಕಿತು! ಕಲ್ಲು ಅಲೆಯೊಳಗೆ ಬಿತ್ತು, ಮುಳುಗಿತು. ಮುಳುಗಿದ ಕಲ್ಲನ್ನು ಯಾರು ಅಳೆಯುತ್ತಾರೆ ಸ್ವಾಮಿ? ಬಿಲ್ಲಿನಲ್ಲಿ ಎಷ್ಟು ಲೋಡ್ ಇತ್ತೋ ನನಗೆ ಗೊತ್ತಿಲ್ಲ. ಕಡಲಿಗೂ ಗೊತ್ತಿಲ್ಲ.

ಪರಿಹಾರಕ್ಕೆ ಹೋದರೆ ಅಲ್ಲಿದ್ದವರು ಹೇಳಿದ್ದು: “ಅಮ್ಮಾ, ಮನೆ ಪೂರ್ತಿ ಬಿದ್ದಿಲ್ಲವಲ್ಲ. ಬಿದ್ದ ಮೇಲೆ ಇನ್ನೊಂದು ಅರ್ಜಿ ಕೊಡಿ.” ಭಾಗಶಃ ಹಾನಿ ಎಂದು 6,500 ರೂಪಾಯಿ ಬಂತು. ಅಡುಗೆಮನೆ ಮನೆಯ ಯಾವ ಭಾಗ ಎಂದು ನಿಮ್ಮ ಮನೆಯವರನ್ನು ಒಮ್ಮೆ ಕೇಳಿ ನೋಡಿ.

ಈಗ ಲಾರಿಯಲ್ಲಿ ಕಲ್ಲು ತಂದು ಮಾಡಿದ ಆ ತಡೆಗೋಡೆಯ ವಿಷಯ. ಮಳೆಗಾಲದಲ್ಲಿ ಸುರಿದದ್ದನ್ನು ಗೋಡೆ ಎನ್ನಬಾರದು, ಕಲ್ಲಿನ ರಾಶಿ ಎನ್ನಬೇಕು. ಸುರತ್ಕಲ್‌ನಲ್ಲಿ ಸಿವಿಲ್ ಓದಿದ ನನ್ನ ತಂಗಿಯ ಮಗ ಬಂದು ನೋಡಿ ತಲೆ ಮೇಲೆ ಕೈ ಇಟ್ಟ. “ದೊಡ್ಡಮ್ಮ, ಅಡಿಯಲ್ಲಿ ಬಟ್ಟೆಯೇ ಹಾಕಿಲ್ಲ” ಎಂದ. ಮರಳಿನ ಮೇಲೆ ಮೊದಲು ಜಿಯೋ ಟೆಕ್ಸ್‌ಟೈಲ್ ಬಟ್ಟೆ ಹಾಸಬೇಕಂತೆ. ಅದರ ಮೇಲೆ ಸಣ್ಣ ಕಲ್ಲು, ಮತ್ತೆ ಮಧ್ಯಮ, ಮೇಲೆ ದೊಡ್ಡದು. ಬುಡವನ್ನು ಅಗೆದು ಆಳದಲ್ಲಿ ಕೂರಿಸಬೇಕು. ಅಲೆ ಮರಳಿಗೆ ಬಡಿದರೆ ಹರಡಿ, ಸುಸ್ತಾಗಿ ಹಿಂದೆ ಹೋಗುತ್ತದೆ. ಕಲ್ಲಿಗೆ ಬಡಿದರೆ ಅದೇ ಸಿಟ್ಟಿನಲ್ಲಿ ತಿರುಗಿ ಬುಡದ ಮರಳನ್ನೇ ಎಳೆಯುತ್ತದೆ. ಬುಡ ಖಾಲಿಯಾದರೆ ಕಲ್ಲು ಕೂತು ಹೋಗುತ್ತದೆ. ಇನ್ನೂ ಒಂದು ಲೆಕ್ಕ ಹೇಳಿದ: ಅಲೆಯ ಎತ್ತರ ಎರಡು ಪಟ್ಟಾದರೆ ಅದೇ ಜಾತಿಯ ಕಲ್ಲಿನ ತೂಕ ಎಂಟು ಪಟ್ಟು ಬೇಕು. ನಮಗೆ ಹಾಕಿದ ಕಲ್ಲುಗಳಲ್ಲಿ ಕೆಲವನ್ನು ಇಬ್ಬರು ಹುಡುಗರು ಎತ್ತಿ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿದ್ದಾರೆ.

ಬಟ್ಟೆ ಹಾಸುವುದು, ಬುಡ ಅಗೆಯುವುದು ಜುಲೈಯ ಅಲೆಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಹೇಳುವುದು, ಈಗ ಬನ್ನಿ.

ಮತ್ತೆ, ಆ ರಾಶಿ ನನ್ನ ಮನೆಗಿಂತ ನಲವತ್ತು ಮೀಟರ್ ಮೊದಲೇ ನಿಂತಿದೆ. ಎಸ್ಟಿಮೇಟ್ ಅಲ್ಲಿಗೆ ಮುಗಿಯಿತಂತೆ. ಕಲ್ಲು ಇರುವ ಕಡೆ ಬಡಿದ ನೀರು ತುದಿಯಲ್ಲಿ ಬಳಸಿಕೊಂಡು ಬಂದು ಹಿಂದಿನ ಮಣ್ಣನ್ನು ಕೊರೆಯುತ್ತದೆ. ಮೊದಲು ವರ್ಷಕ್ಕೆ ಒಂದು ತೆಂಗು ಹೋಗುತ್ತಿತ್ತು. ಕಲ್ಲು ಹಾಕಿದ ಮೇಲೆ ಒಂದೇ ಮಳೆಗಾಲದಲ್ಲಿ ನಾಲ್ಕು ಹೋದವು.

ಹಾಗಾದರೆ ನಲವತ್ತು ಮೀಟರ್ ಮುಂದಕ್ಕೆ ಎಳೆಯಿರಿ ಎಂದು ಕೇಳಬಹುದಲ್ಲ ಎನ್ನುತ್ತೀರಿ. ಕೇಳಬಹುದು. ಆದರೆ ಮುಂದಿನ ಮನೆ ನನ್ನ ನಾದಿನಿಯದ್ದು. ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೆ. ಆದರೂ ಅವಳ ಮನೆ ಕಡಲಿಗೆ ಹೋಗಲಿ ಎಂದು ನಾನು ಅರ್ಜಿ ಹಾಕಲಾರೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಕೊಚ್ಚಿ ಹತ್ತಿರದ ಚೆಲ್ಲಾನಂನಲ್ಲಿ 344 ಕೋಟಿಯ ಯೋಜನೆಯಲ್ಲಿ ಏಳು ಕಿಲೋಮೀಟರ್‌ಗೂ ಜಾಸ್ತಿ ಉದ್ದಕ್ಕೆ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್ ಇಟ್ಟರು. ಅದರ ಹಿಂದೆ ಇರುವವರು ಈಗ ನೆಮ್ಮದಿಯಲ್ಲಿದ್ದಾರೆ, ಅದು ನಿಜ. ಆದರೆ ಗೋಡೆ ಮುಗಿದ ಕಡೆಯಿಂದ ಉತ್ತರಕ್ಕೆ, ಕಣ್ಣಮಾಲಿಯಲ್ಲಿ, ನೀರು ಮನೆಯೊಳಗೆ ನುಗ್ಗಿ ಜನ ಬೀದಿಗಿಳಿದರು. ಮಂಗಳೂರು ಹತ್ತಿರದ ನಮ್ಮ ಉಳ್ಳಾಲವನ್ನೇ ನೋಡಿ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಬ್ರೇಕ್‌ವಾಟರ್ ಸರಿ ಮಾಡಿದರು, ಕಡಲೊಳಗೆ ಅಲೆಯ ಬಲ ಕುಗ್ಗಿಸುವ ರೀಫ್ ಎಂಬ ದಿಬ್ಬ ಕಟ್ಟಿದರು. ಆಮೇಲೆ ಉಚ್ಚಿಲ, ಬಟ್ಟಪ್ಪಾಡಿಯ ಕಡೆ ರಸ್ತೆಯೇ ಕಡಲು ಪಾಲಾಯಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಗ್ರೋಯ್ನ್ ಎಂದು ಕಡಲಿಗೆ ಅಡ್ಡ ಕಲ್ಲಿನ ಕೈ ಚಾಚಿದರೂ ಅದೇ. ಒಂದು ಬದಿ ಮರಳು ಕೂರುತ್ತದೆ, ಇನ್ನೊಂದು ಬದಿ ಖಾಲಿ.

ಕಲ್ಲೇ ಬೇಡ ಎಂದು ನಾನು ಹೇಳುವುದಿಲ್ಲ. ಮರವಂತೆಯಲ್ಲಿ ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ಹೆದ್ದಾರಿ. ಅಲ್ಲಿ ಕಲ್ಲು ಹಾಕದೆ ಏನು ಮಾಡುತ್ತೀರಿ? ಆದರೆ ಹಾಕುವ ಮೊದಲು ಈ ಅಳಿವೆಯಿಂದ ಆ ಅಳಿವೆಯವರೆಗೆ ಇಡೀ ದಡವನ್ನು ಅಳೆಸಿ. ಮರಳು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿಸಿ. ಬಂದರಿನ ಬಾಯಲ್ಲಿ ಹೂಳು ತೆಗೆದ ಮರಳು ಚೆನ್ನಾಗಿದ್ದರೆ ಅದನ್ನು ನಮ್ಮ ದಡಕ್ಕೇ ತಂದು ಹಾಕಿ. ಪುದುಚೇರಿಯಲ್ಲಿ ಹಾಗೇ ಮಾಡಿದರು, ನೀರಿನಡಿ ರೀಫೂ ಕಟ್ಟಿದರು, ಹೋದ ಬೀಚು ವಾಪಸ್ ಬಂತು. ಎಲ್ಲಿ ಕಲ್ಲು ಬೇಕೋ ಅಲ್ಲಿ ಸರಿಯಾದ ತೂಕದ್ದು, ಬಟ್ಟೆ ಹಾಸಿ, ಬುಡ ಅಗೆದು, ಮೇ ತಿಂಗಳು ಬರುವ ಮೊದಲೇ ಹಾಕಿ ಮುಗಿಸಿ. 2021ರ ತೌಕ್ತೆ ಚಂಡಮಾರುತ ಮೇ ಮಧ್ಯದಲ್ಲೇ ಬಂದಿತ್ತು, ನೆನಪಿರಲಿ. ಎಷ್ಟು ಲೋಡ್ ಬಂತು ಎಂದು ಬೋರ್ಡಿನಲ್ಲಿ ಬರೆಸಿ. ಎಣಿಸುವವರು ಇಲ್ಲಿ ಬೇಕಾದಷ್ಟು ಜನ ಇದ್ದೇವೆ.

ಇದಕ್ಕೆಲ್ಲ ಡಿಸೆಂಬರಿನಿಂದ ಏಪ್ರಿಲ್ ತನಕ ಐದು ತಿಂಗಳು ಸಿಗುತ್ತದೆ. ಜೂನ್‌ನಲ್ಲಿ ‘ತುರ್ತು ಕಾಮಗಾರಿ’ ಎಂದು ಬರುವವರಿಗೆ ಈ ಐದು ತಿಂಗಳು ಕಡಲು ಕಾಣುವುದಿಲ್ಲವೇ? ಪ್ರತಿ ವರ್ಷ ಬರುವುದು ತುರ್ತು ಹೇಗಾಗುತ್ತದೆ ಮಾರಾಯ್ರೆ? ಕ್ಷಮಿಸಿ, ಶಾಸಕರನ್ನು ಹಾಗೆ ಕರೆಯಬಾರದು. 34 ವರ್ಷದ ಸಿಟ್ಟು, ಬಾಯಿ ಜಾರಿತು.

ಈಗ ಬನ್ನಿ. ಬೆಳಿಗ್ಗೆ ನೀರು ಇಳಿದಿರುವಾಗ ಬಂದರೆ ಕೂತು ಹೋದ ಕಲ್ಲುಗಳ ತಲೆ ಕಾಣುತ್ತದೆ. ಇಂಜಿನಿಯರನ್ನು ಕರೆದುಕೊಂಡು ಬನ್ನಿ, ಅಳತೆ ಟೇಪು ಇರಲಿ, ಫೋಟೋದವರು ಬೇಡ. ಚಹಾ ಮಾಡಿ ಕೊಡುತ್ತೇನೆ. ಒಲೆ ಜಗುಲಿಯಲ್ಲಿದೆ, ಸ್ವಲ್ಪ ಸರಿದು ಕೂರಬೇಕಾಗುತ್ತದೆ ಅಷ್ಟೆ.

ಇತಿ,
ಗೋಡೆ ಮುಗಿದಲ್ಲಿಂದ ಮೊದಲ ಮನೆಯವಳು