ಮರ ಕಡಿಯುವುದನ್ನು ಕಲಿಯಲು ಇಷ್ಟು ದೂರ ಯಾಕೆ?

ಆಸಾ, ಸ್ಮೋಲಾಂಡ್, ಸ್ವೀಡನ್

ಅಪ್ಪಯ್ಯ, ಅಮ್ಮನಿಗೆ ನಮಸ್ಕಾರಗಳು.

ನಾನು ಆರಾಮ. ಮರ ಕಡಿಯೋದು ಕಲಿಯೋಕೆ ಸ್ವೀಡನ್ನಿಗೇ ಹೋಗಬೇಕಿತ್ತಾ ಅಂತ ಅಪ್ಪಯ್ಯ ಕೇಳಿದರಲ್ಲ, ಅಷ್ಟರಲ್ಲಿ ಫೋನ್ ಕಟ್ ಆಯ್ತು. ಉತ್ತರ ಉದ್ದ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿಯ ಕಾಡು ಅಂದರೆ ಹೆಚ್ಚುಕಡಿಮೆ ತೋಟವೇ. ಸ್ಪ್ರೂಸ್ ಅಂತ ಸೂಜಿ ಎಲೆಯ ಮರ. ಹೆಕ್ಟೇರಿಗೆ 2,000ಕ್ಕೂ ಜಾಸ್ತಿ ಸಸಿ ನೆಡುತ್ತಾರೆ, ನಡುವೆ ಎರಡು ಮೂರು ಸಲ ಸೊರಗಿದ್ದು, ಸೊಟ್ಟಗಿದ್ದು ತೆಗೆದು ಉಳಿದವಕ್ಕೆ ಜಾಗ ಬಿಡುತ್ತಾರೆ, 60-80 ವರ್ಷಕ್ಕೆ ಪೂರ್ತಿ ಕಡಿಯುತ್ತಾರೆ. ಕಡಿದ ಮೇಲೆ ಮತ್ತೆ ಬೆಳೆಸಲೇಬೇಕು ಅಂತ 1903ರಲ್ಲೇ ಕಾನೂನು ಬಂದಿದೆ. ಸುಮಾರು ಅರ್ಧದಷ್ಟು ಕಾಡು ನಮ್ಮಂಥ ಮನೆತನದವರದ್ದೇ.

ಆ ನಡುವಿನ ಕಡಿತಕ್ಕೆ ಥಿನ್ನಿಂಗ್ ಅನ್ನುತ್ತಾರೆ. ಯಾವಾಗ ಮಾಡಬೇಕು, ಎಷ್ಟು ಮಾಡಬೇಕು ಅನ್ನೋದೇ ನಮ್ಮ ಕೆಲಸ. 1.3 ಮೀಟರ್ ಎತ್ತರದಲ್ಲಿ ಒಂದೊಂದೇ ಮರದ ದಪ್ಪ ಅಳೆದು ಬರೆದುಕೊಳ್ಳುವುದು. ತಡ ಮಾಡಿದರೆ ಮರ ಉದ್ದಕ್ಕೆ ಸಪೂರ ಬೆಳೆದಿರುತ್ತದೆ, ಆಗ ಅಕ್ಕಪಕ್ಕದ ಆಸರೆ ತೆಗೆದರೆ ಗಾಳಿಗೆ ನಿಲ್ಲುವುದಿಲ್ಲ. 2005ರ ಜನವರಿಯಲ್ಲಿ ಗುಡ್ರುನ್ ಅನ್ನೋ ಬಿರುಗಾಳಿ ಬಂದಾಗ ನೆಲ ಹೆಪ್ಪುಗಟ್ಟಿರಲಿಲ್ಲ, ಒದ್ದೆಯಾಗಿತ್ತು, ಬೇರಿಗೆ ಹಿಡಿತವೇ ಸಿಗಲಿಲ್ಲ. ಸುಮಾರು 7.5 ಕೋಟಿ ಘನ ಮೀಟರ್ ಮರ ಬಿತ್ತಂತೆ, ಇಡೀ ದೇಶ ಒಂದು ವರ್ಷದಲ್ಲಿ ಕಡಿಯುವಷ್ಟು! ಬಿದ್ದದ್ದರಲ್ಲಿ ಸ್ಪ್ರೂಸೇ ಹೆಚ್ಚು. ಆಮೇಲೆ ತೊಗಟೆ ಕೊರೆಯುವ ಹುಳಕ್ಕೆ ಹಬ್ಬ.

ಇನ್ನೊಂದು ತಾಪತ್ರಯ ಬುಡದ್ದು. ಬೇಸಿಗೆಯಲ್ಲಿ ಕಡಿದರೆ ಹಸಿ ಬುಡದ ಮೇಲೆ ಒಂದು ಜಾತಿಯ ಅಣಬೆಯ ಬೀಜ ಗಾಳಿಯಲ್ಲಿ ಬಂದು ಕೂರುತ್ತದೆ, ಬೇರಿಗೆ ಬೇರು ತಾಗಿ ಪಕ್ಕದ ಒಳ್ಳೆಯ ಮರಕ್ಕೂ ಹತ್ತುತ್ತದೆ, ಥೇಟ್ ನಮ್ಮ ಅಡಿಕೆಯ ಅಣಬೆ ರೋಗದ ಹಾಗೆ. ಹೊರಗೆ ಏನೂ ಗೊತ್ತಾಗಲ್ಲ, ಕಡಿದಾಗ ನೋಡಿದರೆ ತಿರುಳೆಲ್ಲ ಕಂದು. ಅಂಥ ದಿಮ್ಮಿಯನ್ನು ಸಾಮಿಲ್ಲಿನವರು ತಗೊಳ್ಳಲ್ಲ. ಇದಕ್ಕೆ ಮದ್ದು ಇನ್ನೊಂದು ಅಣಬೆ! ಯಂತ್ರ ಮರ ಕೊಯ್ಯುವಾಗಲೇ ಅದರ ಬೀಜ ಕಲಸಿದ ನೀರು ಬುಡದ ಮೇಲೆ ಬೀಳುತ್ತದೆ, ಮೊದಲು ಬಂದದ್ದು ಜಾಗ ಹಿಡಿದು ರೋಗದ್ದನ್ನು ಒಳಗೆ ಬಿಡುವುದಿಲ್ಲ. ಎಲ್ಲ ಕಡೆ ತಾಗಿದೆಯಾ ಅಂತ ಗೊತ್ತಾಗಲಿ ಅಂತ ನೀಲಿ ಬಣ್ಣ ಸೇರಿಸಿರುತ್ತಾರೆ. ಬಿಳಿ ಬುಡದ ಮೇಲೆ ನೀಲಿ, ಅಂಚಿನಲ್ಲಿ ಒಂದು ಬೆರಳಷ್ಟು ಬಿಟ್ಟುಹೋದರೂ ಕಾಣುತ್ತದೆ. ಚಳಿಗಾಲದಲ್ಲಿ ಈ ರಗಳೆ ಇಲ್ಲ.

ಇಷ್ಟೆಲ್ಲ ಆದರೂ ಗುಡ್ರುನ್ ನಂತರ ಬಹುತೇಕರು ನೆಟ್ಟಿದ್ದು ಮತ್ತೆ ಸ್ಪ್ರೂಸೇ. ಪೆದ್ದುತನ ಅಂತ ಮೊದಲು ಅನ್ನಿಸಿತು. ಆದರೆ ಪೈನ್ ಇಟ್ಟರೆ ಮೂಸ್ (ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ) ಎಳೆ ಚಿಗುರು ತಿಂದು ಹಾಳು ಮಾಡುತ್ತದೆ, ಸ್ಪ್ರೂಸಿನ ತಂಟೆಗೆ ಅಷ್ಟಾಗಿ ಹೋಗಲ್ಲ. ನನ್ನನ್ನು ಕೇಳಿದರೆ, ದುಡ್ಡು ಸ್ವಲ್ಪ ಕಡಿಮೆ ಬಂದರೂ ನಡುವೆ ಬರ್ಚ್ ಅನ್ನೋ ಅಗಲ ಎಲೆಯ ಮರ ಬಿಟ್ಟುಕೊಳ್ಳೋದು ವಾಸಿ. ಒಂದೇ ಮರ ನಂಬಿ ಕೂರೋದು ಜೂಜು ಅಲ್ವಾ?

ಅಮ್ಮ, ಇಲ್ಲಿ ಕಾಡು ಯಾರದ್ದೇ ಆಗಿರಲಿ, ಹಣ್ಣು ಅಣಬೆ ಕೊಯ್ದರೆ ಯಾರೂ ಏನೂ ಅನ್ನಲ್ಲ. ನೇರಳೆ ಬಣ್ಣದ ಸಣ್ಣ ಹುಳಿ ಹಣ್ಣು ಬುಟ್ಟಿಗಟ್ಟಲೆ ಸಿಗುತ್ತದೆ. ಬೆಲ್ಲ, ಸಾಸಿವೆ ಹಾಕಿ ಗೊಜ್ಜು ಮಾಡಿದೆ, ಪರವಾಗಿಲ್ಲ.

ಅಪ್ಪಯ್ಯ, ಮೇಲಿನ ತೋಟದ ಆ ರೋಗದ ಮರಗಳ ಸುತ್ತ ಕಂದಕ ತೆಗೆಸಿದಿರಾ? ಮಳೆ ಹಿಡಿಯುವ ಮುಂಚೆ ತೆಗೆಸಿಬಿಡಿ, ಆಳು ಸಿಗಲಿಲ್ಲ ಅಂತ ಮುಂದೆ ಹಾಕಬೇಡಿ. ತಮ್ಮನಿಗೆ ಫೋಟೋ ಕಳಿಸಲು ಹೇಳಿ.

ಇಂತಿ ನಿಮ್ಮ ಮಗಳು