ಅಂಟಿಸಿದ ಕಲ್ಲನ್ನು ಅಮೆಟ್ರಿನ್ ಎಂದು ಮಾರಿದ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಫೋನಿನಲ್ಲಿ ಸಮಾಧಾನವಾಗಿ ಹೇಳಿ ಹೇಳಿ ಸಾಕಾಯಿತು. ಇನ್ನು ಬರವಣಿಗೆಯಲ್ಲೇ ಮಾತು.

ಅಮೆಟ್ರಿನ್ ಅಂದರೆ ಒಂದೇ ಹರಳಿನಲ್ಲಿ ನೇರಳೆ, ಹಳದಿ ಎರಡೂ ಬಣ್ಣ ಇರುವ ರತ್ನ. ನಿಮ್ಮಿಂದ ಕೊಂಡದ್ದು ಒಂದೇ ಹರಳಲ್ಲ. ಒಂದು ನೇರಳೆ ತುಂಡು, ಒಂದು ಹಳದಿ ತುಂಡು, ನಡುವೆ ಅಂಟು. ಬಿಲ್ಲಿನಲ್ಲಿ ಮಾತ್ರ ‘ನೈಸರ್ಗಿಕ, ಬೊಲಿವಿಯಾದ ಅನಾಹಿ ಗಣಿಯದು’ ಎಂದಿದೆ. ಜೋಡಿಸಿದ ಕಲ್ಲನ್ನು ಜೋಡಿಸಿದ್ದು ಎಂದು ಹೇಳಿಯೇ ಮಾರಬೇಕು. ಈ ನಿಯಮವನ್ನು ನಾನು ನಿಮಗೆ ಹೇಳಿಕೊಡಬೇಕಾ?

ಕೊನೆಯ ವಿಡಿಯೋ ಕರೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ಕಲ್ಲನ್ನು ನೀರಿನ ಲೋಟದಲ್ಲಿ ಮುಳುಗಿಸಿ ಪಕ್ಕದಿಂದ ತೋರಿಸಿದೆ. ಬಣ್ಣ ಸೇರುವಲ್ಲಿ ಚಪ್ಪಟೆ ಪದರ, ಅದರಲ್ಲಿ ಪುಟ್ಟ ಪುಟ್ಟ ಗುಳ್ಳೆಗಳು. ‘ಎರಡು ಬಣ್ಣ ಅಂದ ಮೇಲೆ ಗೆರೆ ಇರುತ್ತೆ ಅಲ್ವಾ?’ ಎಂದರು ನಿಮ್ಮ ಪರಿಣತರು. ಗೆರೆ ಇರುತ್ತದೆ, ಒಪ್ಪಿದೆ. ಅಸಲಿ ಕಲ್ಲಿನಲ್ಲೂ ಅದು ಚೂಪಾಗಿಯೇ ಇರಬಹುದು. ಆದರೆ ಗುಳ್ಳೆಗಳೆಲ್ಲ ಆ ಒಂದೇ ಪದರದಲ್ಲಿ ಯಾಕಿವೆ ಎಂದು ಕೇಳಿದೆ. ಅವರು ಪಕ್ಕದವರ ಕಡೆ ತಿರುಗಿ, ‘ಏನೋ ಓದ್ಕೊಂಡು ಬಂದಿದ್ದಾರೆ’ ಎಂದರು. ಮೈಕ್ ಆನ್ ಇತ್ತು. ಇಬ್ಬರೂ ನಕ್ಕಿದ್ದು ನನಗೆ ಕೇಳಿಸಿತು. ಆಮೇಲೆ ಒಂದೊಂದೇ ಪದ ಬಿಡಿಸಿ, ‘ರಿಫ್ರಾಕ್ಟಿವ್ ಇಂಡೆಕ್ಸ್ 1.544ರಿಂದ 1.553. ಕ್ವಾರ್ಟ್ಜ್ ಅಂತ ಉಪಕರಣವೇ ತೋರಿಸಿದೆ. ಅದಕ್ಕಿಂತ ನಿಮಗೆ ಜಾಸ್ತಿ ಗೊತ್ತಾ?’ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕರೆ ಕಟ್.

ರಿಫ್ರಾಕ್ಟಿವ್ ಇಂಡೆಕ್ಸ್ ಅಂದರೆ ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎನ್ನುವ ಅಳತೆ. ಅದು ಇಲ್ಲಿ ತೋರಿಸಿದ್ದು ಖನಿಜ ಕ್ವಾರ್ಟ್ಜ್ ಎಂದಷ್ಟೇ. ನೇರಳೆ ಬಣ್ಣದ ಅಮೆಥಿಸ್ಟ್ ಕೂಡ ಕ್ವಾರ್ಟ್ಜ್, ಹಳದಿ ಬಣ್ಣದ ಸಿಟ್ರಿನ್ ಕೂಡ ಕ್ವಾರ್ಟ್ಜ್. ಎರಡನ್ನು ಅಂಟಿಸಿಟ್ಟರೂ ಉಪಕರಣ ಅದೇ ಅಂಕಿ ತೋರಿಸುತ್ತದೆ. ಪರಿಣತ ಅನ್ನಿಸಿಕೊಂಡವರಿಗೆ ಇಷ್ಟೂ ಗೊತ್ತಿರಬೇಡವೇ?

ನಾನು ಅಮೆಟ್ರಿನ್ ಬಯಸಿದ್ದಕ್ಕೆ ಕಾರಣವಿದೆ. ಅದರ ಎರಡೂ ಬಣ್ಣಕ್ಕೆ ಮೂಲ ಕಬ್ಬಿಣವೇ. ಒಂದೇ ಹರಳು ಬೆಳೆಯುತ್ತಾ ಹೋದಂತೆ ಕೆಲವು ಮುಖಗಳ ಕಡೆಯ ಭಾಗ ಹಳದಿಯಾಗಿ ಉಳಿಯುತ್ತದೆ. ಉಳಿದ ಮುಖಗಳ ಕಡೆ ನೆಲದೊಳಗಿನ ವಿಕಿರಣ ತಾಗಿ ಕಬ್ಬಿಣದ ಸ್ಥಿತಿ ಬದಲಾಗುತ್ತದೆ, ಅಲ್ಲಿ ನೇರಳೆ ಬರುತ್ತದೆ. ಜಾಸ್ತಿ ಕಾಯಿಸಿದರೆ ಆ ನೇರಳೆಯೂ ಹೋಗಿಬಿಡುತ್ತದೆ. ಇಷ್ಟು ಸೂಕ್ಷ್ಮವಾದದ್ದರ ಜಾಗದಲ್ಲಿ ನೀವು ಗೋಂದು ಹಚ್ಚಿ ಕೊಟ್ಟಿದ್ದೀರಿ.

ಬದಲಿ ಕಲ್ಲು ಬೇಡ, ರಿಯಾಯಿತಿ ಕೂಪನ್ನೂ ಬೇಡ. ಈ ಕಲ್ಲು ಸ್ವತಂತ್ರ ರತ್ನ ಪ್ರಯೋಗಾಲಯಕ್ಕೆ ಹೋಗುತ್ತಿದೆ. ವರದಿ ಬಂದ ದಿನವೇ ಹಣ ಪೂರ್ತಿ ವಾಪಸ್ ಆಗಬೇಕು. ಆಗದಿದ್ದರೆ ವರದಿ, ನಿಮ್ಮ ಬಿಲ್ಲು, ಆ ಕರೆಯ ರೆಕಾರ್ಡಿಂಗ್ ಮೂರನ್ನೂ ಗ್ರಾಹಕ ನ್ಯಾಯಾಲಯಕ್ಕೆ ಕೊಡುತ್ತೇನೆ. ನಿಮ್ಮವರ ನಗು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಇತಿ,
ನಿಮ್ಮ ಗ್ರಾಹಕಿ