ಕೆರೆಗೆ ನೀರಿನಷ್ಟೇ ನೀರುಗಂಟಿಯೂ ಬೇಕು

ಮಾನ್ಯ ಸಂಪಾದಕರೇ,

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಜಿಲ್ಲೆಗೆ, ಬೆಂಗಳೂರಿನ ತ್ಯಾಜ್ಯನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಹರಿಸುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ, ನಮ್ಮ ಕೆರೆಗಳ ಬಗೆಗಿನ ಚರ್ಚೆಯೆಲ್ಲ ನೀರು ಎಷ್ಟು ಬರುತ್ತದೆ, ಎಷ್ಟು ಶುದ್ಧವಾಗಿರುತ್ತದೆ ಎಂಬುದರ ಸುತ್ತಲೇ ನಡೆದಿದೆ. ಕೇಳಲೇಬೇಕಾದ ಪ್ರಶ್ನೆಗಳವು, ಮೂರನೇ ಹಂತದ ಶುದ್ಧೀಕರಣ ಆಗಬೇಕೆಂಬ ಬೇಡಿಕೆಗೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಬಂದ ನೀರನ್ನು, ಅದಕ್ಕಿಂತ ಮುಖ್ಯವಾಗಿ ಬಿದ್ದ ಮಳೆಯನ್ನು, ಹಿಡಿದಿಟ್ಟು ಕಾಯುವ ಹೊಣೆ ಯಾರದೆಂಬುದು ಮಾತ್ರ ಚರ್ಚೆಗೇ ಬರುತ್ತಿಲ್ಲ.

ಬಯಲುಸೀಮೆಯ ಕೆರೆಗಳನ್ನು ಹಿರಿಯರು ಬಿಡಿಬಿಡಿಯಾಗಿ ಕಟ್ಟಲಿಲ್ಲ. ಮೇಲಿನ ಕೆರೆ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆ ಸೇರಬೇಕು; ನಡುವೆ ಒಂದು ಕಾಲುವೆ ಮುಚ್ಚಿದರೂ ಕೆಳಗಿನ ಊರುಗಳೆಲ್ಲ ಒಣಗುತ್ತವೆ. ಈ ವ್ಯವಸ್ಥೆಯನ್ನು ದಿನವೂ ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ತೂಬು ಯಾವಾಗ ಎತ್ತಬೇಕು, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ, ಅಂದರೆ ಕೆರೆ ನೀರುಣ್ಣುವ ಜಮೀನಿನ, ಎಷ್ಟು ಭಾಗಕ್ಕೆ ಬಿಡಬೇಕು, ಏರಿಯಲ್ಲಿ ಇಲಿ ಬಿಲ ತೋಡಿದೆಯೇ, ಜಾಲಿ ಬೇರು ಬಿಟ್ಟಿದೆಯೇ ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು. ಸುಗ್ಗಿಯಲ್ಲಿ ಊರು ಅಳೆದು ಕೊಡುತ್ತಿದ್ದ ಧಾನ್ಯವೇ ಅವನ ಕೂಲಿ. ಈ ಕೆಲಸ ಹಲವೆಡೆ ದಲಿತ ಕುಟುಂಬಗಳ ಪಾಲಿಗೆ ಬಂದಿತ್ತು, ಪ್ರತಿಫಲ ಅಲ್ಪವಾಗಿತ್ತು. ಆ ಅನ್ಯಾಯ ಮರಳಬಾರದು. ಕೊಳವೆ ಬಾವಿ ಬಂದು ರೈತರು ಕೆರೆಯತ್ತ ನೋಡುವುದನ್ನು ಬಿಟ್ಟ ಮೇಲೆ ಈ ಕೆಲಸವೂ ಮರೆಯಾಯಿತು, ಅದರೊಂದಿಗೆ ಆ ತಿಳಿವಳಿಕೆಯೂ ಹೋಯಿತು.

ಈಗ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತ್ ವ್ಯವಸ್ಥೆಗೆ ಸೇರಿದೆ. ಒಂದೇ ಸಾಲಿನ ಕೆರೆಗಳು ಹೀಗೆ ಬೇರೆ ಬೇರೆ ಕಡತಗಳಲ್ಲಿ ಹಂಚಿಹೋಗಿರುವಾಗ ನಡುವಿನ ಕಾಲುವೆಯ ಒತ್ತುವರಿಯನ್ನು ತೆರವುಗೊಳಿಸಬೇಕಾದವರು ಯಾರು? ಹೂಳೆತ್ತುವ ಕಾಮಗಾರಿಗೆ ಹಣ ಸುಲಭವಾಗಿ ಸಿಗುತ್ತದೆ, ಏಕೆಂದರೆ ಅದಕ್ಕೆ ಟೆಂಡರ್ ಕರೆಯಬಹುದು. ಆದರೆ ನೀರು ಬರುವ ದಾರಿ ಮುಚ್ಚಿರುವಾಗ, ಯಂತ್ರ ತಂದು ಅಂಗಳದಲ್ಲಿ ಅಲ್ಲಲ್ಲಿ ಗುಂಡಿ ತೋಡಿದರೆ ಕೆರೆ ತುಂಬುವುದಿಲ್ಲ. ಏರಿಯ ಬುಡದಲ್ಲೇ ಅಗೆದರಂತೂ ಏರಿಗೇ ಅಪಾಯ.

ಆದ್ದರಿಂದ ಸರ್ಕಾರ ಪ್ರತಿ ಕೆರೆ ಸಾಲಿಗೂ ಜಾತಿಯ ಹಂಗಿಲ್ಲದೆ, ಮಹಿಳೆಯರಿಗೂ ಅವಕಾಶವಿರುವಂತೆ, ತಿಂಗಳ ಸಂಬಳದ ನೀರುಗಂಟಿಗಳನ್ನು ಗ್ರಾಮ ಪಂಚಾಯಿತಿಗಳ ಮೂಲಕ ನೇಮಿಸಬೇಕು. ಕಾಲುವೆ, ತೂಬು, ಕೋಡಿಗಳ ವಾರ್ಷಿಕ ದುರಸ್ತಿಗೆ ಹೂಳೆತ್ತುವ ಅನುದಾನದಿಂದ ಪ್ರತ್ಯೇಕವಾದ ಹಣ ಇಡಬೇಕು. ಕೆ.ಸಿ. ವ್ಯಾಲಿ ನೀರು ನೇರ ನೀರಾವರಿಗಲ್ಲ, ಅಂತರ್ಜಲ ಮರುಪೂರಣಕ್ಕಾಗಿ ಬರುತ್ತಿರುವುದರಿಂದ, ಆ ಕೆರೆಗಳಿಂದ ಅಕ್ರಮವಾಗಿ ಪಂಪ್ ಇಟ್ಟು ನೀರೆತ್ತುವುದನ್ನು ತಡೆಯಲೂ ದಡದಲ್ಲಿ ಒಬ್ಬರು ಇರಲೇಬೇಕು. ಜಿಲ್ಲೆಯ ಒಂದು ಕೆರೆ ಸಾಲನ್ನಾದರೂ ಆರಿಸಿಕೊಂಡು, ಮುಂದಿನ ಮುಂಗಾರಿಗೆ ಮೊದಲೇ ಈ ಕೆಲಸ ಆರಂಭಿಸಬೇಕೆಂದು ಜಿಲ್ಲಾಡಳಿತವನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ಒಬ್ಬ ಕೃಷಿಕ, ಕೋಲಾರ ಜಿಲ್ಲೆ